ಹಳಿಯ ಪಕ್ಕದ ಆ ಖಾಲಿ ಜಾಗ ಖಾಲಿ ಅಲ್ಲ

ಪ್ರಶ್ನೆ: ಅಮೆರಿಕದ ಒಂದು ಊರಿನ ನೀರು ಸರಬರಾಜು ಯೋಜನೆಯಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೇನೆ. ಇದಕ್ಕೆ ಮುಂಚೆ ಬರೀ ರಸ್ತೆ ಕೆಲಸ ಮಾಡಿದವನು. 24 ಇಂಚಿನ ನೀರಿನ ಪೈಪನ್ನು ಗೂಡ್ಸ್ ರೈಲು ಓಡುವ ಹಳಿಯ ಕೆಳಗೆ ದಾಟಿಸಬೇಕು. ಆಮೇಲೆ ಅದು ಹಳಿಯ ಪಕ್ಕದಲ್ಲೇ ಅರ್ಧ ಮೈಲಿ ಹೋಗಬೇಕು. ಅಲ್ಲೇ ರಾಜ್ಯ ಹೆದ್ದಾರಿ ಅಗಲ ಮಾಡುವ ಕೆಲಸವೂ ನಮ್ಮ ಆಫೀಸಿನದ್ದೇ. ರೈಲ್ವೆ ಕಂಪನಿಯವರು ಡ್ರಾಯಿಂಗ್‌ಗಳನ್ನು ಮತ್ತೆ ಮತ್ತೆ ವಾಪಸ್ ಕಳಿಸುತ್ತಿದ್ದಾರೆ. ಕೇಸಿಂಗ್ (ಪೈಪಿಗೆ ತೊಡಿಸುವ ಹೊರ ಕೊಳವೆ) ಅಳತೆ ತಪ್ಪು, ಅದನ್ನು ತೂರಿಸಲು ತೋಡುವ ಗುಂಡಿಯ ಶೋರಿಂಗ್ (ಗೋಡೆ ಕುಸಿಯದಂತೆ ಕೊಡುವ ಆಸರೆ) ಲೆಕ್ಕ ಸರಿಯಿಲ್ಲ, ಉದ್ದಕ್ಕೆ ಹೋಗುವ ಪೈಪನ್ನು ದೂರ ಸರಿಸಿ ಅಂತೆಲ್ಲ ಟಿಪ್ಪಣಿ. ಹಳಿ ಪಕ್ಕ ಅಷ್ಟಗಲ ಜಾಗ ಸುಮ್ನೆ ಖಾಲಿ ಬಿದ್ದಿದೆ. ಒಂದು ಪೈಪಿಗೆ ಇಷ್ಟು ರಗಳೆ ಯಾಕೆ ಸರ್? ಏನು ಸರಿಮಾಡಿ ಕಳಿಸಲಿ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ರಸ್ತೆ ಕೆಲಸದಿಂದ ಬಂದವರಿಗೆಲ್ಲ ಮೊದಲ ರೈಲ್ವೆ ಫೈಲು ಹೀಗೇ ಕಾಡುತ್ತದೆ. ಆದರೆ ನೀವು ಬರೆದಿರುವ ಮೂರೂ ಟಿಪ್ಪಣಿಗಳಿಗೆ ಕಾರಣ ಇದೆ. ಎರಡು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಆ ಕಾರಣ ತಾನಾಗಿ ಕಾಣುತ್ತದೆ. ಒಂದು, ಆ ಜಾಗಕ್ಕೆ ಮಾಲೀಕರಿದ್ದಾರೆ. ಎರಡು, ಆ ಹಳಿ ಅರ್ಧ ಇಂಚು ಅಲುಗಿದರೂ ಅದರ ಮೇಲೆ ಬರುವ ರೈಲು ಪಕ್ಕಕ್ಕೆ ತಿರುಗಲಾರದು, ಥಟ್ಟನೆ ನಿಲ್ಲಲಾರದು.

ಮೊದಲು ಜಾಗದ ವಿಷಯ ನೋಡೋಣ. ರೈಲ್ವೆ ಅಂದರೆ ಸರ್ಕಾರ ಅನ್ನುವ ಅಭ್ಯಾಸ ನಮಗೆ. ಅಮೆರಿಕದ ಗೂಡ್ಸ್ ಲೈನುಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳವು. ಯೂನಿಯನ್ ಪೆಸಿಫಿಕ್, ಬಿಎನ್‌ಎಸ್‌ಎಫ್, ಸಿಎಸ್‌ಎಕ್ಸ್, ನಾರ್ಫೋಕ್ ಸದರ್ನ್ ಎಲ್ಲವೂ ಹಾಗೇ. ನೀವು ಅರ್ಜಿ ಕೊಡುತ್ತಿರುವುದು ಇಲಾಖೆಗಲ್ಲ, ಜಮೀನಿನ ಯಜಮಾನನಿಗೆ. ನಿಮ್ಮ ಪೈಪಿನಿಂದ ಅವರಿಗೆ ಲಾಭ ಹೆಚ್ಚೇನಿಲ್ಲ, ಅಪಾಯ ಮಾತ್ರ ಇದೆ. ಊರಿನ ಆಡಳಿತ ಬೇರೆಯವರ ಜಮೀನನ್ನು ಸಾರ್ವಜನಿಕ ಕೆಲಸಕ್ಕೆ ವಶಪಡಿಸಿಕೊಂಡಂತೆ ಇಲ್ಲಿ ಮಾಡುವುದೂ ಸುಲಭವಲ್ಲ. ರೈಲು ಸಾಗಾಟದ ಮೇಲಿನ ಅಧಿಕಾರವನ್ನು 1995ರ ಒಂದು ಫೆಡರಲ್ ಕಾನೂನು ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ಅನ್ನುವ ಫೆಡರಲ್ ಮಂಡಳಿಗೆ ಕೊಟ್ಟಿದೆ. ರೈಲು ಓಡಾಟಕ್ಕೆ ಅಡ್ಡಿಯಾಗುವ ಸ್ಥಳೀಯ ಹೆಜ್ಜೆಗಳು ಅದರ ಮುಂದೆ ನಿಲ್ಲುವುದು ಕಷ್ಟ. ಹಾಗಾಗಿ ಜಗಳ ಮಾಡಿ ಗೆಲ್ಲುವ ಫೈಲು ಇದಲ್ಲ.

ಅಷ್ಟಗಲ ಜಾಗ ಯಾಕಿದೆ ಅಂತಲೂ ಕೇಳಿದ್ದೀರಿ. 1862ರ ಪೆಸಿಫಿಕ್ ರೈಲ್‌ರೋಡ್ ಕಾನೂನು ಹಳಿಯ ಎರಡೂ ಕಡೆ 200 ಅಡಿ ಕೊಟ್ಟಿತು. 1875ರ ಕಾನೂನು ಎರಡೂ ಕಡೆ 100 ಅಡಿ ಕೊಟ್ಟಿತು. ಬೇರೆ ಕಡೆ ರೈತರಿಂದ ಕೊಂಡದ್ದೂ ಇದೆ, ಬರೀ ರೈಲು ಓಡಿಸುವ ಹಕ್ಕನ್ನಷ್ಟೇ ಬರೆಸಿಕೊಂಡದ್ದೂ ಇದೆ. ಈ ವ್ಯತ್ಯಾಸ ನಿಮ್ಮ ಅರ್ಧ ಮೈಲಿ ಪೈಪಿಗೆ ಬಹಳ ಮುಖ್ಯ. 1875ರ ಕಾನೂನಿನಡಿ ಸಿಕ್ಕ ದಾರಿ ಬರೀ ಬಳಕೆಯ ಹಕ್ಕು, ಪೂರ್ಣ ಒಡೆತನವಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅದಕ್ಕೂ ಮುಂಚೆಯೇ ಹಳಿಯುದ್ದಕ್ಕೂ ಎಳೆದ ಫೈಬರ್ ಕೇಬಲ್‌ಗಳ ಮೇಲೆ ಪಕ್ಕದ ಜಮೀನಿನವರು ಕೋರ್ಟಿಗೆ ಹೋಗಿದ್ದರು. ರೈಲು ಓಡಿಸಲು ಕೊಟ್ಟ ಜಾಗದಲ್ಲಿ ಕೇಬಲ್ ಹಾಕಲು ಅನುಮತಿ ಕೊಡಲು ಈ ರೈಲ್ವೆಯವರು ಯಾರು ಅನ್ನುವುದು ಅವರ ವಾದ. ಹಳಿಯನ್ನು ಅಡ್ಡ ದಾಟುವಾಗ ಈ ತಕರಾರು ಏಳುವುದು ಕಡಿಮೆ. ಉದ್ದಕ್ಕೆ ಹೋಗುವಾಗ ಏಳುತ್ತದೆ. ನಿಮ್ಮ ಸರ್ವೇಯರ್‌ಗೆ ಹೇಳಿ ಆ ಭಾಗದ ವ್ಯಾಲ್ಯುಯೇಷನ್ ಮ್ಯಾಪ್ ತರಿಸಿ. 1913ರ ಕಾನೂನಿನ ಪ್ರಕಾರ ಆಗಿನ ರೈಲ್ವೆಗಳೆಲ್ಲ ತಮ್ಮ ಆಸ್ತಿಯ ನಕ್ಷೆ ಮಾಡಬೇಕಾಯಿತು. ನೂರು ವರ್ಷ ಹಳೆಯ ಆ ನಕ್ಷೆಗಳೇ ಇವತ್ತಿಗೂ ಆಧಾರ. ಯಾವ ತುಂಡು ಯಾರಿಂದ, ಯಾವ ಪತ್ರದ ಮೂಲಕ ಬಂತು ಅನ್ನುವುದು ಅವುಗಳಲ್ಲಿ ಸಿಗುತ್ತದೆ.

ಇನ್ನು ‘ಖಾಲಿ’ ಅನ್ನುವ ಮಾತು. ನೆಲದ ಮೇಲೆ ಹುಲ್ಲು, ಜಲ್ಲಿ ಮಾತ್ರ ಕಂಡಿರಬಹುದು. ನೆಲದಡಿ ಸಿಗ್ನಲ್ ಕೇಬಲ್, ಫೈಬರ್, ಹಳೆಯ ಮೋರಿ, ಕೆಲವು ಕಡೆ ಪೆಟ್ರೋಲ್ ಪೈಪ್‌ಲೈನ್ ಕೂಡ ಇರುತ್ತವೆ. ಅಗೆಯುವ ಮುನ್ನ 811ಕ್ಕೆ, ಅಂದರೆ ನೆಲದಡಿಯ ಪೈಪು, ಕೇಬಲ್‌ಗಳನ್ನು ಗುರುತು ಮಾಡಿಸುವ ಸೇವೆಗೆ, ಫೋನ್ ಮಾಡುವುದು ನಿಮಗೆ ಗೊತ್ತೇ ಇದೆ. ಆದರೆ ರೈಲ್ವೆಯ ಸ್ವಂತ ಸಿಗ್ನಲ್ ಕೇಬಲ್‌ಗಳನ್ನು ಆ ಸೇವೆಯವರು ಗುರುತು ಮಾಡುತ್ತಾರೆ ಅಂತ ನಂಬಬೇಡಿ. ರೈಲ್ವೆಯ ಸಿಗ್ನಲ್ ವಿಭಾಗಕ್ಕೂ, ಫೈಬರ್‌ನವರಿಗೂ ಬೇರೆಯಾಗಿಯೇ ತಿಳಿಸಬೇಕು.

ಉದ್ದಕ್ಕೆ ಹೋಗುವ ಪೈಪನ್ನು ದೂರ ಸರಿಸಿ ಅಂತ ಅವರು ಹಟ ಹಿಡಿಯುವುದು ಯಾಕೆ ಅಂತ ನೋಡಬೇಕಾದರೆ 1989ರ ಸ್ಯಾನ್ ಬರ್ನಾರ್ಡಿನೋ ಘಟನೆ ಓದಿ. ಮೇ 12ರಂದು ಕಾಹೋನ್ ಕಣಿವೆಯ ಇಳಿಜಾರಿನಲ್ಲಿ ಹಿಡಿತ ತಪ್ಪಿದ ಒಂದು ಗೂಡ್ಸ್ ರೈಲು ಡಫಿ ಸ್ಟ್ರೀಟ್‌ನ ಮನೆಗಳ ಮೇಲೆ ಬಿತ್ತು. ನಾಲ್ಕು ಜನ ಸತ್ತರು. ಹಳಿಯ ಪಕ್ಕದಲ್ಲೇ 14 ಇಂಚಿನ ಪೆಟ್ರೋಲ್ ಪೈಪ್‌ಲೈನ್ ಹೂತಿತ್ತು. ಅದು ಆ ದಿನ ಒಡೆಯಲಿಲ್ಲ. 13 ದಿನ ಬಿಟ್ಟು ಮೇ 25ರಂದು ಒಡೆಯಿತು. ಬೆಂಕಿಯಲ್ಲಿ ಇನ್ನಿಬ್ಬರು ಸತ್ತರು, ಹನ್ನೊಂದು ಮನೆ ಸುಟ್ಟವು. ಬಿದ್ದ ಬೋಗಿಗಳನ್ನು ತೆರವು ಮಾಡುವಾಗ ಮಣ್ಣು ಬಗೆಯುವ ಯಂತ್ರಗಳಿಂದ ಪೈಪಿಗೆ ಪೆಟ್ಟು ಬಿದ್ದಿತ್ತು ಅಂತ ತನಿಖೆ ಹೇಳಿತು. ನಿಮ್ಮದು ನೀರಿನ ಪೈಪು, ನಿಜ. ಆದರೆ ರೈಲು ಹಳಿ ತಪ್ಪಿದ ದಿನ ಭಾರಿ ಕ್ರೇನು, ಡೋಜರು ಎಲ್ಲಿ ನಿಲ್ಲುತ್ತವೆ? ನೀವು ‘ಖಾಲಿ’ ಅಂದ ಅದೇ ಜಾಗದಲ್ಲಿ. ಒಡೆದ 24 ಇಂಚಿನ ನೀರಿನ ಪೈಪು ಒಂದು ರಾತ್ರಿಯಲ್ಲಿ ಹಳಿಯ ಏರಿಯನ್ನೇ ಕೊಚ್ಚಿಕೊಂಡು ಹೋಗಬಲ್ಲದು.

ಹಾಗಾಗಿ ಅರೆಮಾ ಕೈಪಿಡಿ, ಅಂದರೆ ಅಲ್ಲಿನ ರೈಲ್ವೆ ಎಂಜಿನಿಯರಿಂಗ್ ಸಂಘದ ನಿಯಮ ಪುಸ್ತಕ, ಉದ್ದಕ್ಕೆ ಹೋಗುವ ಪೈಪನ್ನು ಹಳಿಯಿಂದ ಎಷ್ಟು ಸಾಧ್ಯವೋ ಅಷ್ಟು ದೂರ ಇಡಿ ಅನ್ನುತ್ತದೆ. ಹಳಿಯ ಮಧ್ಯರೇಖೆಯಿಂದ 25 ಅಡಿಯ ಒಳಗೆ ಬಂದರೆ ಕೇಸಿಂಗ್ ಅಥವಾ ವಿಶೇಷ ಡಿಸೈನ್ ಬೇಕು. ನನ್ನ ಸಲಹೆ ಇನ್ನೂ ಸರಳ. ಹೆದ್ದಾರಿ ನಿಮ್ಮದೇ ಆಫೀಸಿನ ಕೆಲಸ ಅಲ್ವಾ? ಆ ಅರ್ಧ ಮೈಲಿಯನ್ನು ಹೆದ್ದಾರಿ ಜಾಗಕ್ಕೆ ಒಯ್ಯಿರಿ. ರೈಲ್ವೆಗೆ ವರ್ಷ ವರ್ಷ ಬಾಡಿಗೆ ಕಟ್ಟುವ ಗೋಜೂ ತಪ್ಪಬಹುದು. ಹಳಿ ದಾಟುವ ತುಂಡು ಮಾತ್ರ ಅವರ ಜಾಗದಲ್ಲಿ ಇರಲಿ.

ಈಗ ಶೋರಿಂಗ್. ನಿಮ್ಮ ಫೈಲು ಬಿದ್ದದ್ದು ಇಲ್ಲೇ ಅಂತ ನನಗೆ ಖಾತ್ರಿ. ರಸ್ತೆ ಕೆಲಸದವರು ಗುಂಡಿಯ ಗೋಡೆಗೆ ವಾಹನದ ಭಾರ ಅಂತ ಎರಡು ಅಡಿ ಮಣ್ಣಿನಷ್ಟು ಲೆಕ್ಕ ಹಿಡಿಯುತ್ತಾರೆ. ಅದು ಚದರ ಅಡಿಗೆ ಸುಮಾರು 240 ಪೌಂಡು. ರೈಲ್ವೆಯವರು ಹಿಡಿಯುವುದು ಕೂಪರ್ ಇ80. ಅಂದರೆ ಐದೈದು ಅಡಿಗೆ ಒಂದರಂತೆ ಬರುವ 80,000 ಪೌಂಡಿನ ಆಕ್ಸಲ್‌ಗಳು. ಲೆಕ್ಕ ಮಾಡಿ ನೋಡಿ. 80,000ವನ್ನು ಐದು ಅಡಿಗೆ ಹಂಚಿದರೆ ಅಡಿಗೆ 16,000. ಸ್ಲೀಪರ್ ಉದ್ದ ಎಂಟೂವರೆ ಅಡಿ. ಅದಕ್ಕೆ ಭಾಗಿಸಿದರೆ ಚದರ ಅಡಿಗೆ 1,882 ಪೌಂಡು. ನಿಮ್ಮ ರಸ್ತೆ ಲೆಕ್ಕದ ಎಂಟು ಪಟ್ಟು ಹತ್ತಿರ. ಈ ಭಾರವನ್ನು ಸ್ಲೀಪರ್ ತಳದಲ್ಲಿ ಒಂದು ಪಟ್ಟಿಯಂತೆ ಇಟ್ಟು, ಬೂಸಿನೆಸ್ಕ್ ಸೂತ್ರದಿಂದ (ಮೇಲಿನ ಭಾರ ಮಣ್ಣಿನೊಳಗೆ ಹೇಗೆ ಹರಡುತ್ತದೆ ಅನ್ನುವ ಲೆಕ್ಕ) ಗೋಡೆಯ ಮೇಲಿನ ಅಡ್ಡ ಒತ್ತಡ ತೆಗೆಯಬೇಕು. ಗುಂಡಿ ಹಳಿಗೆ ಹತ್ತಿರವಾದಷ್ಟೂ ಆ ಒತ್ತಡ ಜೋರಾಗಿ ಏರುತ್ತದೆ.

ಈ ಕೂಪರ್ ಅನ್ನುವವರು ಥಿಯೋಡರ್ ಕೂಪರ್. 1894ರಲ್ಲಿ ಉಗಿ ಎಂಜಿನ್‌ಗಳ ಚಕ್ರಗಳನ್ನು ನೋಡಿ ಈ ಮಾದರಿ ಮಾಡಿದವರು. 1907ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರನ್ನು ಬಲಿ ತೆಗೆದುಕೊಂಡ ಕ್ವಿಬೆಕ್ ಸೇತುವೆಯ ಸಲಹಾ ಎಂಜಿನಿಯರ್ ಕೂಡ ಅವರೇ. ಉಗಿ ಎಂಜಿನ್ ಹೋಗಿ ಎಷ್ಟೋ ಕಾಲವಾಯಿತು, ಇನ್ನೂ ಅದೇ ಲೆಕ್ಕ ಯಾಕೆ ಅಂತ ಕೆಲವರು ನಗುತ್ತಾರೆ. ಈಗಿನ ತುಂಬಿದ ಗೂಡ್ಸ್ ಬೋಗಿ 2,86,000 ಪೌಂಡು ತೂಗುತ್ತದೆ. ನಾಲ್ಕು ಆಕ್ಸಲ್‌ಗೆ ಹಂಚಿದರೆ ಒಂದೊಂದಕ್ಕೆ 71,500. ಹಳೆಯ ಮಾದರಿ ಅಷ್ಟೇನೂ ಹಳತಾಗಿಲ್ಲ.

ಇನ್ನೊಂದು ಮಾತು. ಟ್ರೆಂಚ್ ಬಾಕ್ಸ್, ಅಂದರೆ ಅಗೆದ ಗುಂಡಿಯೊಳಗೆ ಇಳಿಸುವ ರಕ್ಷಣೆಯ ಪೆಟ್ಟಿಗೆ, ತೋರಿಸಿದ್ದರೆ ತೆಗೆದುಬಿಡಿ. ಹಳಿಯ ಭಾರ ತಾಗುವ ವಲಯದಲ್ಲಿ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಾಕ್ಸ್ ಕಾಪಾಡುವುದು ಒಳಗಿರುವ ಮನುಷ್ಯನನ್ನು. ಹೊರಗಿನ ಮಣ್ಣು ಅಷ್ಟರಲ್ಲಿ ಸರಿದಿರುತ್ತದೆ. ಇಲ್ಲಿ ಮಣ್ಣೂ ಸರಿಯಬಾರದು. ಅಗೆಯುವ ಮೊದಲೇ ಇಳಿಸಿದ ಶೀಟ್ ಪೈಲ್, ಅಂದರೆ ನೆಲಕ್ಕೆ ಹೊಡೆದ ಉಕ್ಕಿನ ಹಲಗೆಗಳ ಗೋಡೆ, ಬೇಕು. ಅದನ್ನು ಇಳಿಸುವ, ಕೀಳುವ ಕ್ರಮವನ್ನೂ ಬರೆಯಬೇಕು. ಆ ರಾಜ್ಯದ ಲೈಸೆನ್ಸ್ ಇರುವ ಎಂಜಿನಿಯರ್ ಸೀಲು ಹಾಕಿರಬೇಕು. ಇದಕ್ಕಿಂತ ಒಳ್ಳೆಯದು ಗುಂಡಿಯನ್ನೇ ದೂರ ಸರಿಸುವುದು. ಕೇಸಿಂಗ್ ಇಪ್ಪತ್ತು ಅಡಿ ಜಾಸ್ತಿಯಾದರೆ ಆಗಲಿ. ಭಾರಿ ಶೋರಿಂಗ್, ಅದರ ರಿವ್ಯೂ, ಅದಕ್ಕೆ ಕಾಯುವ ತಿಂಗಳುಗಳ ಮುಂದೆ ಆ ಖರ್ಚು ಏನೂ ಅಲ್ಲ. ಎಷ್ಟೋ ಜನ ಗುಂಡಿಯ ಜಾಗ ಗುತ್ತಿಗೆದಾರನ ತಲೆನೋವು ಅಂತ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಡ್ರಾಯಿಂಗ್‌ನಲ್ಲಿ ಮೊದಲು ನಿರ್ಧಾರವಾಗಬೇಕಾದದ್ದೇ ಅದು.

ಕೇಸಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ಗುಟ್ಟು ಮಾತ್ರ. 6 ಇಂಚು ಅಥವಾ ಅದಕ್ಕಿಂತ ದೊಡ್ಡ ಪೈಪಿಗೆ ಕೇಸಿಂಗ್ ಒಳ ಅಳತೆ, ಪೈಪಿನ ಅತಿ ದಪ್ಪ ಭಾಗಕ್ಕಿಂತ ಕನಿಷ್ಠ 4 ಇಂಚು ದೊಡ್ಡದಿರಬೇಕು. ಅತಿ ದಪ್ಪ ಭಾಗ ಅಂದರೆ ಜಾಯಿಂಟ್, ಪೈಪಿನ ಮೈ ಅಲ್ಲ. 24 ಇಂಚಿನ ಪೈಪಿನ ಜಾಯಿಂಟ್ ಬಳಿ ಹೊರ ಅಳತೆ ಬಹಳ ದೊಡ್ಡದಾಗುತ್ತದೆ. 30 ಇಂಚಿನ ಕೇಸಿಂಗ್ ಹಾಕಿ ವಾಪಸ್ ಬಂದವರು ತುಂಬಾ ಜನ. ನಿಮ್ಮದೂ ಇದೇ ಇರಬಹುದು, ನೋಡಿ. ಉಳಿದಂತೆ ಹಳಿಯ ತಳದಿಂದ ಕೇಸಿಂಗ್ ನೆತ್ತಿಗೆ ಕನಿಷ್ಠ ಐದೂವರೆ ಅಡಿ ಇರಬೇಕು. ರೈಲ್ವೆ ಜಾಗದ ಉಳಿದ ಕಡೆ ಮೂರು ಅಡಿ ಮಣ್ಣು. ಹಳಿಗೆ ಆದಷ್ಟು ನೇರ ಕೋನದಲ್ಲಿ ದಾಟಬೇಕು, 45 ಡಿಗ್ರಿಗಿಂತ ಓರೆ ಬೇಡ. ಪ್ರತಿ ಕಂಪನಿಗೂ ತನ್ನದೇ ಪುಸ್ತಕ ಇರುತ್ತದೆ. ಅದರಲ್ಲಿ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ.

ರಸ್ತೆಯ ಕೆಳಗೆ ಕೇಸಿಂಗ್ ಇಲ್ಲದೆ ಹಾಕುತ್ತೇವಲ್ಲ ಅಂತ ನಿಮಗನಿಸಬಹುದು. ರಸ್ತೆ ಅಗೆದು ರಿಪೇರಿ ಮಾಡಬಹುದು. ಹಳಿಯನ್ನು ಅಗೆಯಲು ಬಿಡುವುದಿಲ್ಲ. ಪೈಪು ಸೋರಿದರೆ ನೀರು ಕೇಸಿಂಗ್ ಒಳಗೇ ಇರಬೇಕು, ಜಲ್ಲಿಯ ಕೆಳಗಿನ ಮಣ್ಣಿಗೆ ತಾಗಬಾರದು. ಮುಂದೆ ಪೈಪು ಬದಲಿಸುವಾಗ ಹಳೆಯದನ್ನು ಎಳೆದು ಹೊಸದನ್ನು ತೂರಿಸಬೇಕು. ರೈಲಿಗೆ ಸುದ್ದಿಯೇ ಗೊತ್ತಾಗಬಾರದು.

ಕೆಲಸ ನಡೆಯುವಾಗ ಹಳಿ ಕುಸಿಯದಂತೆ ನೋಡಿಕೊಳ್ಳುವ ವಿಷಯ ಡ್ರಾಯಿಂಗ್‌ನಲ್ಲಿ ಒಂದು ಸಾಲಿನ ಟಿಪ್ಪಣಿಯಾಗಿ ಇದ್ದರೆ ಸಾಲದು. ಆಗರ್, ಅಂದರೆ ಮಣ್ಣು ಕೊರೆಯುವ ಸುರುಳಿ ಬೈರಿಗೆ, ಅದರ ತಲೆ ಕೇಸಿಂಗ್ ಮೂತಿಯಿಂದ ಮುಂದೆ ಹೋದರೆ ಮಣ್ಣು ಒಳಗೆ ಉದುರುತ್ತದೆ, ಮೇಲೆ ಪೊಳ್ಳಾಗುತ್ತದೆ. ಆ ಪೊಳ್ಳು ಅವತ್ತೇ ಕಾಣುವುದಿಲ್ಲ. ಕೆಲವು ರೈಲು ಹೋದ ಮೇಲೆ ಜಲ್ಲಿ ನಿಧಾನಕ್ಕೆ ಇಳಿಯುತ್ತದೆ. ಅಂತರ್ಜಲ ಇಳಿಸಲು ಪಂಪು ಹಚ್ಚಿದರೂ ಅದೇ ಕಥೆ. ಸಣ್ಣ ಮರಳು ನೀರಿನ ಜೊತೆ ಹೊರಗೆ ಬರುತ್ತದೆ. ಹಳಿಯ ಅಡಿಯಲ್ಲಿ ತೂತು ಕೊರೆಯಲು ಶುರು ಮಾಡಿದ ಮೇಲೆ ಮಧ್ಯದಲ್ಲಿ ನಿಲ್ಲಿಸಬೇಡಿ ಅನ್ನುವುದಕ್ಕೂ ಕಾರಣ ಇದೆ. ನಿಂತ ಕೇಸಿಂಗನ್ನು ಮಣ್ಣು ಹಿಡಿದುಕೊಳ್ಳುತ್ತದೆ. ಮತ್ತೆ ತಳ್ಳಲು ಜಾಸ್ತಿ ಬಲ ಬೇಕು, ಅಷ್ಟರಲ್ಲಿ ಮುಂದಿನ ಮಣ್ಣು ಸಡಿಲವಾಗಿರುತ್ತದೆ.

ಹಳಿ ಕಾಲು ಇಂಚು ಇಳಿದರೆ ಕೆಲಸ ನಿಲ್ಲಿಸಿ ಅನ್ನುವ ಷರತ್ತು ಸಾಮಾನ್ಯ. ಕಾಲು ಇಂಚಿಗೆ ಇಷ್ಟು ಗಾಬರಿಯೇ ಅಂತ ಅನಿಸುತ್ತದೆ. ಫೆಡರಲ್ ನಿಯಮದಲ್ಲಿ ನಾಲ್ಕನೇ ದರ್ಜೆಯ ಹಳಿಗೆ, ಅಂದರೆ ಗೂಡ್ಸ್ ರೈಲು ಗಂಟೆಗೆ 60 ಮೈಲಿ ಓಡಬಹುದಾದ ಹಳಿಗೆ, 62 ಅಡಿಯೊಳಗೆ ಎರಡು ಹಳಿಗಳ ಮಟ್ಟದ ವ್ಯತ್ಯಾಸ ಒಂದೂಮುಕ್ಕಾಲು ಇಂಚಿಗಿಂತ ಜಾಸ್ತಿ ಬದಲಾಗಬಾರದು. ಮೇಲ್ನೋಟಕ್ಕೆ ಬಹಳ ಸಡಿಲು. ಆದರೆ ನೀವು ಹೋಗುವ ಹೊತ್ತಿಗೆ ಆ ಹಳಿ ಆಗಲೇ ಅದರಲ್ಲಿ ಎಷ್ಟೋ ಭಾಗ ಬಳಸಿಕೊಂಡಿರುತ್ತದೆ. ನಿಮ್ಮ ಪಾಲಿಗೆ ಉಳಿದದ್ದು ಸ್ವಲ್ಪ. ಹಾಗಾಗಿ ಕೆಲಸಕ್ಕೆ ಮೊದಲೇ ಹಳಿಯ ಮಟ್ಟ ಅಳೆದು ಇಟ್ಟುಕೊಳ್ಳಿ. ಆಮೇಲೆ ಯಾರ ಪಾಲು ಎಷ್ಟು ಅನ್ನುವ ವಾದ ಬಂದಾಗ ನಿಮ್ಮ ಕೈಯಲ್ಲಿ ಅಂಕಿ ಇರುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಅಪಾಯ ಸೇರುತ್ತದೆ. ಈಗಿನ ಹಳಿಗಳು ಮೈಲಿಗಟ್ಟಲೆ ವೆಲ್ಡ್ ಆದವು, ಹಿಗ್ಗಲು ಜಾಗ ಇಲ್ಲ. ಹಳಿ ಕೂರಿಸಿದ ಉಷ್ಣತೆಗಿಂತ 50 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ, ಗಜಕ್ಕೆ 136 ಪೌಂಡು ತೂಗುವ ಹಳಿಯಲ್ಲಿ ಒಂದೊಂದರಲ್ಲೂ ಸುಮಾರು 1,30,000 ಪೌಂಡಿನ ಒತ್ತಡ ಕೂತಿರುತ್ತದೆ. ಅದು ಪಕ್ಕಕ್ಕೆ ಸೊಟ್ಟಗಾಗದಂತೆ ಹಿಡಿದಿರುವುದು ಸ್ಲೀಪರ್ ತುದಿಯ ಜಲ್ಲಿ. ಗುತ್ತಿಗೆದಾರ ದಾರಿಗೆ ಅಡ್ಡ ಅಂತ ಆ ಜಲ್ಲಿಯನ್ನು ಬದಿಗೆ ಎಳೆದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಜನರ ಸುರಕ್ಷತೆಯ ನಿಯಮಗಳು ನೇರ. ಹತ್ತಿರದ ಹಳಿಯಿಂದ ನಾಲ್ಕು ಅಡಿಯೊಳಗೆ ಬಂದರೆ ಹಳಿಯ ಮೇಲೆ ಇದ್ದಂತೆಯೇ ಲೆಕ್ಕ. ಬರೀ ಕಾವಲುಗಾರನ ಎಚ್ಚರಿಕೆಯ ಮೇಲೆ ಕೆಲಸ ಮಾಡುವಾಗ, ರೈಲು ಬರುವುದಕ್ಕೆ ಕನಿಷ್ಠ 15 ಸೆಕೆಂಡ್ ಮೊದಲೇ ಎಲ್ಲರೂ ಸುರಕ್ಷಿತ ಜಾಗದಲ್ಲಿ ಇರಬೇಕು. ರೈಲ್ವೆಯ ಫ್ಲ್ಯಾಗರ್, ಅಂದರೆ ರೈಲಿನಿಂದ ಕೆಲಸದವರನ್ನು ಕಾಯಲು ರೈಲ್ವೆ ನಿಲ್ಲಿಸುವ ವ್ಯಕ್ತಿ, ಇಲ್ಲದೆ ಕೆಲಸ ಇಲ್ಲ. ಅವರ ದಿನದ ಖರ್ಚು ನಿಮ್ಮ ಯೋಜನೆಯದ್ದು, ಸಾವಿರ ಡಾಲರ್ ದಾಟುವುದು ಮಾಮೂಲು. ಇಲ್ಲಿ ರೈಲ್ವೆಯವರ ಕಡೆಯೂ ತಪ್ಪಿದೆ ಅಂತ ನಾನು ಹೇಳುತ್ತೇನೆ. ಫ್ಲ್ಯಾಗರ್ ಸಿಗದೆ ಇಡೀ ತಂಡ ಕೈಕಟ್ಟಿ ಕೂರುವುದು ಎಲ್ಲ ಕಡೆ ಇರುವ ಗೋಳು. ಟೆಂಡರ್‌ನಲ್ಲೇ ಇದಕ್ಕೆ ದಿನಗಳನ್ನು ಇಟ್ಟುಬಿಡಿ. ಸರ್ವೇ ಹುಡುಗರಿಗೆ ಒಂದು ಮಾತು ಹೇಳಿ: ಕಬ್ಬಿಣದ ಟೇಪನ್ನು ಎರಡು ಹಳಿಗಳ ಮೇಲೆ ಅಡ್ಡ ಹಾಸಬಾರದು. ಹಳಿಗಳಲ್ಲಿ ಹರಿಯುವ ಸಣ್ಣ ಕರೆಂಟ್ ಅದರ ಮೂಲಕ ಹಾದು, ರೈಲು ಬಂದಿದೆ ಅಂತ ಸಿಗ್ನಲ್ ಕೆಂಪಾಗಬಹುದು.

ವಿಮೆಯದ್ದು ಚಿಕ್ಕ ಮಾತು. ನಿಮ್ಮ ಗುತ್ತಿಗೆದಾರನ ಮಾಮೂಲು ಹೊಣೆಗಾರಿಕೆ ಪಾಲಿಸಿಯಲ್ಲಿ ಹಳಿಯಿಂದ 50 ಅಡಿಯೊಳಗಿನ ಕೆಲಸವನ್ನು ವಿಮೆಯಿಂದ ಹೊರಗಿಡುವ ಒಂದು ಷರತ್ತು ಅಡಗಿರುತ್ತದೆ. ಅದನ್ನು ತೆಗೆಸುವ ಸೇರ್ಪಡೆ ಪತ್ರ ಬೇಕು. ಜೊತೆಗೆ ರೈಲ್ವೆಯ ಹೆಸರಿನಲ್ಲೇ ಒಂದು ರಕ್ಷಣಾ ಪಾಲಿಸಿ ಬೇಕು. ಫೆಡರಲ್ ಹಣದ ಹೆದ್ದಾರಿ ಕೆಲಸಗಳಲ್ಲಿ ಒಂದು ಘಟನೆಗೆ 20 ಲಕ್ಷ, ಒಟ್ಟು 60 ಲಕ್ಷ ಡಾಲರ್ ಅನ್ನುವುದು ರೂಢಿಯ ಅಂಕಿ.

ನೀವು ಕೇಳದೆ ಬಿಟ್ಟ ವಿಷಯ ಹೆದ್ದಾರಿ. ಪೈಪಿಗಿಂತ ಅದರ ಬಗ್ಗೆ ನನಗೆ ಭಯ ಜಾಸ್ತಿ. ಹಳಿಯ ಪಕ್ಕದ ಹೆದ್ದಾರಿ ಹಳಿಯ ಕಡೆಗೆ ಅಗಲವಾದರೆ, ಅಡ್ಡ ರಸ್ತೆಯಲ್ಲಿ ಹಳಿ ದಾಟಿ ಕೆಂಪು ದೀಪಕ್ಕೆ ನಿಲ್ಲುವ ವಾಹನಕ್ಕೆ ಜಾಗ ಕಿರಿದಾಗುತ್ತದೆ. 1995ರ ಅಕ್ಟೋಬರ್ 25ರಂದು ಇಲಿನಾಯ್ಸ್‌ನ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಆದದ್ದು ಇದೇ. ಶಾಲಾ ಬಸ್ಸು ಹಳಿ ದಾಟಿ ಕೆಂಪು ದೀಪಕ್ಕೆ ನಿಂತಿತು. ಮುಂದೆ ಇದ್ದ ಜಾಗ ಬಸ್ಸಿನ ಉದ್ದಕ್ಕೆ ಸಾಲಲಿಲ್ಲ. ಹಿಂಭಾಗ ಹಳಿಯ ಕಡೆ ಚಾಚಿಕೊಂಡಿತ್ತು. ರೈಲು ಬಂದು ಗುದ್ದಿತು, ಏಳು ವಿದ್ಯಾರ್ಥಿಗಳು ಸತ್ತರು. ರಸ್ತೆಯ ಸಿಗ್ನಲ್ಲು, ರೈಲ್ವೆ ಗೇಟಿನ ಸಿಗ್ನಲ್ಲು ಎರಡಕ್ಕೂ ತಂತಿ ಸಂಪರ್ಕ ಇತ್ತು. ಇಬ್ಬರ ಲೆಕ್ಕದ ಸಮಯ ಮಾತ್ರ ಒಂದಕ್ಕೊಂದು ಹೊಂದಿರಲಿಲ್ಲ. ಹಸಿರು ದೀಪ ಬಸ್ಸಿಗೆ ಸಾಕಾಗುವಷ್ಟು ಮುಂಚೆ ಬರಲಿಲ್ಲ.

ನಿಮ್ಮ ಹೆದ್ದಾರಿಯಲ್ಲಿ ಗೇಟಿನಿಂದ 200 ಅಡಿಯೊಳಗೆ ಸಿಗ್ನಲ್ ಇದ್ದರೆ ಈ ಜೋಡಣೆಯ ಬಗ್ಗೆ ಯೋಚಿಸಲೇಬೇಕು. ರಸ್ತೆ ಅಗಲವಾದ ಮೇಲೆ ಹೊಸ ಅಳತೆಯಿಂದ ಲೆಕ್ಕ ಹಾಕಬೇಕು, ಹಳೆಯ ಸಮಯವನ್ನೇ ನಕಲು ಮಾಡಬಾರದು. ಉದ್ದದ ಲಾರಿ ಪೂರ್ತಿ ಹಳಿಯಿಂದ ಆಚೆ ಬರಲು ಎಷ್ಟು ಸೆಕೆಂಡ್ ಬೇಕು ಅನ್ನುವುದರಿಂದ ಶುರು ಮಾಡಿ. ರೈಲ್ವೆಯ ಸಿಗ್ನಲ್ ಎಂಜಿನಿಯರ್, ನಿಮ್ಮ ಟ್ರಾಫಿಕ್ ಎಂಜಿನಿಯರ್ ಇಬ್ಬರೂ ಆ ಗೇಟಿನ ಮುಂದೆ ಒಟ್ಟಿಗೆ ನಿಂತು ನೋಡಬೇಕು. ಇಮೇಲ್‌ನಲ್ಲಿ ಮುಗಿಸುವ ಕೆಲಸ ಇದಲ್ಲ. ಹಾಗೇ ಅಗಲವಾದ ರಸ್ತೆಯ ಮಳೆ ನೀರನ್ನು ಹಳಿಯ ಚರಂಡಿಗೆ ತಿರುಗಿಸಿದ್ದರೆ ಈಗಲೇ ತೆಗೆಯಿರಿ, ಅದನ್ನು ಖಂಡಿತ ಒಪ್ಪುವುದಿಲ್ಲ.

ಇನ್ನು ಏನು ಕಳಿಸಬೇಕು ಅಂದರೆ: ಪೈಪ್ ದಾಟುವ ಅರ್ಜಿಯನ್ನೂ ಹೆದ್ದಾರಿ ಫೈಲನ್ನೂ ಬೇರೆ ಬೇರೆ ಮಾಡಿ. ರೈಲ್ವೆಯಲ್ಲಿ ಅವನ್ನು ನೋಡುವವರು ಬೇರೆ ಬೇರೆ. ಒಂದೇ ಕವರಿನಲ್ಲಿ ಹೋದರೆ ಎರಡೂ ನಿಧಾನ. ಡ್ರಾಯಿಂಗ್‌ನಲ್ಲಿ ನಿಮ್ಮ ರಸ್ತೆಯ ಸ್ಟೇಷನ್ ಸಂಖ್ಯೆಯ (ರಸ್ತೆಯುದ್ದಕ್ಕೂ ದೂರ ತೋರಿಸುವ ಗುರುತು) ಜೊತೆ ರೈಲ್ವೆಯ ಮೈಲಿಕಲ್ಲು, ಹತ್ತಿರದ ಗೇಟಿನ ಗುರುತು ಸಂಖ್ಯೆ ಹಾಕಿ. ಗೇಟಿನ ಬಳಿಯ ನೀಲಿ ಫಲಕದಲ್ಲಿ ಆರು ಅಂಕಿ, ಒಂದು ಅಕ್ಷರ ಇರುತ್ತದೆ, ಅದೇ. ಹಳಿಯ ಮಧ್ಯರೇಖೆಯಿಂದ ಗುಂಡಿಯ ಅಂಚಿಗೆ, ಕೇಸಿಂಗ್ ತುದಿಗೆ, ರೈಲ್ವೆ ಗಡಿಗೆ ಎಷ್ಟೆಷ್ಟು ಅಡಿ ಅಂತ ನೇರವಾಗಿ ಬರೆಯಿರಿ. ಅವರ ರಿವ್ಯೂ ಮಾಡುವವರು ಮೊದಲು ಹುಡುಕುವುದು ಈ ಮೂರು ಅಳತೆಗಳನ್ನೇ. ಗುಂಡಿ ದೂರ ಸರಿದು ಹಳಿಯ ಭಾರದ ವಲಯದಿಂದ ಹೊರಗೆ ಬಿದ್ದರೆ ಶೋರಿಂಗ್ ಟಿಪ್ಪಣಿ ತಾನಾಗಿ ಬಿದ್ದುಹೋಗುತ್ತದೆ. ಉದ್ದದ ಪೈಪು ಹೆದ್ದಾರಿ ಜಾಗಕ್ಕೆ ಹೋದರೆ ಮೂರನೆಯದೂ ಇಲ್ಲ. ಆಮೇಲೆ ಉಳಿಯುವುದು ಕೇಸಿಂಗ್ ಅಳತೆ ಒಂದೇ. ಅದಕ್ಕೆ ಪೈಪ್ ತಯಾರಕರ ಕ್ಯಾಟಲಾಗ್‌ನಲ್ಲಿ ಜಾಯಿಂಟ್‌ನ ಹೊರ ಅಳತೆ ನೋಡಿ, ಆ ಪುಟವನ್ನೇ ಅರ್ಜಿಗೆ ಲಗತ್ತಿಸಿ ಕಳಿಸಿ.